ಹಿತ್ತಿಲ ಸೇಬಿನ ವಂಶಾವಳಿ

ಜೂನ್ ತಿಂಗಳ ಎರಡನೆಯ ವಾರದ ಒಂದು ಬೆಳಗ್ಗೆ, ಅಮೆರಿಕದ ಇಂಡಿಯಾನಾ ರಾಜ್ಯದ ಲಫಯೆಟ್ ಊರಿನ ಅಂಚಿನಲ್ಲಿರುವ ಮಗಳ ಮನೆಯ ಹಿತ್ತಿಲಲ್ಲಿ ನಿಂತು ನಾನು ಕಿತ್ತುಕೊಂಡ ಸೇಬಿನ ಎಲೆಯ ಮೇಲೆ, ಎಲೆಯ ಹಸುರಿಗಿಂತ ತುಸು ಕಪ್ಪಾದ, ಬೆರಳಿಗೆ ಮಖಮಲ್ಲಿನಂತೆ ಮೆತ್ತಗೆ ತಾಗುವ ಏಳೆಂಟು ಮಚ್ಚೆಗಳಿದ್ದುವು. ಬೆಳಕಿಗೆ ಹಿಡಿದು ನೋಡಿದರೆ ಆ ಮಚ್ಚೆಗಳ ಅಂಚು ಗೆರೆ ಕೊರೆದಂತಿರದೆ, ಒದ್ದೆ ಕಾಗದದ ಮೇಲೆ ಬಿದ್ದ ಮಸಿಯಂತೆ ಸುತ್ತಲೂ ಎಳೆಯೆಳೆಯಾಗಿ ಹರಡಿದ್ದಿತು. ಅಡಿಕೆ ತೋಟದ ನಡುವೆ ಹುಟ್ಟಿ, ಆಷಾಢದ ಮಳೆಗೆ ಕೊಳೆತು ಉದುರಿದ ಕಾಯಿಗಳನ್ನು ಬಾಲ್ಯದಲ್ಲಿಯೇ ಬುಟ್ಟಿ ತುಂಬ ಆರಿಸಿ ಕೈ ಮೂಸಿಕೊಂಡವನಿಗೆ, ಇದು ಬೂಷ್ಟಿನ ಕೆಲಸವೆಂಬುದನ್ನು ಮತ್ತೊಬ್ಬರು ಹೇಳಬೇಕಾಗಿರಲಿಲ್ಲ.

"ಅದನ್ನೇನು ನೋಡ್ತೀಯ ಅಪ್ಪಯ್ಯ, ಪ್ರತಿ ವರ್ಷ ಇದೇ ಹಣೇಬರಹ" ಎಂದಳು ಮಗಳು.

ಮನೆಯ ಹಿಂದಿನ ಒಡೆಯರು ನೆಟ್ಟು ಬಿಟ್ಟುಹೋಗಿದ್ದ ಮೆಕಿಂಟಾಷ್ ಜಾತಿಯ ಮರ ಅದು. ಹೂವಿನ ಕಾಲದಲ್ಲಿ ದಾರಿಹೋಕರು ನಿಂತು ನೋಡುವಷ್ಟು ಚೆಲುವಾಗಿರುತ್ತಿದ್ದ ಆ ಮರವು, ಆಗಸ್ಟ್ ಬರುವಷ್ಟರಲ್ಲಿ ಅರ್ಧ ಎಲೆಗಳನ್ನು ಉದುರಿಸಿಕೊಂಡು, ಮೈಯೆಲ್ಲ ಕಪ್ಪು ಹಕ್ಕಳೆ ಕಟ್ಟಿ ಅಲ್ಲಲ್ಲಿ ಬಿರಿದ ಹಣ್ಣುಗಳನ್ನು ಹೊತ್ತು, ಕಾಯಿಲೆಯಿಂದೆದ್ದು ಅಂಗಳಕ್ಕೆ ಬಂದು ಕುಳಿತ ಮುದುಕನಂತೆ ನಿಂತಿರುತ್ತಿತ್ತು. ಆ ಹಣ್ಣನ್ನು ತಿಂದರೆ ಅಪಾಯವೇನೂ ಇಲ್ಲ, ಹಕ್ಕಳೆಯನ್ನು ಕೆತ್ತಿ ತಿನ್ನಬಹುದು. ಆದರೆ ಅಂಗಡಿಯಲ್ಲಿ ಮೇಣ ಹಚ್ಚಿ ಹೊಳೆಯುವ ಹಣ್ಣನ್ನು ಕಂಡ ಮಕ್ಕಳು ಅದನ್ನು ಕೈಯಲ್ಲಿಯೂ ಹಿಡಿಯುತ್ತಿರಲಿಲ್ಲ.

ಸ್ಕ್ಯಾಬ್ ಎಂದು ಅಲ್ಲಿಯವರು ಕರೆಯುವ ಈ ಕಜ್ಜಿರೋಗಕ್ಕೆ ಕಾರಣ ವೆಂಚೂರಿಯಾ ಇನ್‌ಈಕ್ವಾಲಿಸ್ ಎಂಬ ಶಿಲೀಂಧ್ರ. ಚಳಿಗಾಲವನ್ನೆಲ್ಲ ಅದು ನೆಲಕ್ಕೆ ಬಿದ್ದ ತರಗೆಲೆಗಳೊಳಗೆ ಮಲಗಿ ಕಳೆದು, ವಸಂತದಲ್ಲಿ ಸೇಬಿನ ಮೊಗ್ಗು ತುದಿಯಲ್ಲಿ ಹಸುರು ಕಾಣಿಸುವ ವೇಳೆಗೇ ಎಚ್ಚರಗೊಂಡು, ಮೊದಲ ಮಳೆಗೆ ತನ್ನ ಬೀಜಾಣುಗಳನ್ನು ಗಾಳಿಗೆ ಚಿಮ್ಮಿಸುತ್ತದೆ. ಬಿದ್ದ ಬೀಜಾಣು ಎಲೆಯೊಳಕ್ಕೆ ಇಳಿಯಬೇಕಾದರೆ ಎಲೆ ಒದ್ದೆಯಾಗಿಯೇ ಇರಬೇಕು. ಎಷ್ಟು ಹೊತ್ತು ಎಂಬುದು ಹವೆಯ ಶಾಖವನ್ನು ಅವಲಂಬಿಸಿದುದು. ಕಾರ್ನೆಲ್ ವಿಶ್ವವಿದ್ಯಾನಿಲಯದ ಮಿಲ್ಸ್ ಎಂಬ ವಿದ್ವಾಂಸರು ಈ ಲೆಕ್ಕವನ್ನು 1944ರಲ್ಲಿ ಒಂದು ಕೋಷ್ಟಕದ ರೂಪದಲ್ಲಿ ಪ್ರಕಟಿಸಿದರು. ಹವೆ ಹಿತವಾಗಿ ಬೆಚ್ಚಗಿದ್ದರೆ, ಎಂದರೆ ಸುಮಾರು 17ರಿಂದ 23 ಡಿಗ್ರಿ ಸೆಲ್ಸಿಯಸ್ ಇದ್ದರೆ, 9 ಗಂಟೆಗಳ ತೇವ ಸಾಕು. ಚಳಿ ಹೆಚ್ಚಿದಷ್ಟೂ ಅದಕ್ಕೆ ಹೆಚ್ಚು ಹೊತ್ತು ಬೇಕು. ಸಂಜೆ ಬಂದ ಮಳೆಯ ನೀರು ಬೆಳಗಿನವರೆಗೆ ಎಲೆಯ ಮೇಲೆ ನಿಂತರೆ ಆ ವರ್ಷದ ರೋಗ ಒಳಗೆ ಸೇರಿತೆಂದೇ ಅರ್ಥ.

ಸೇಬನ್ನು ಮಾರುವುದಕ್ಕಾಗಿ ಬೆಳೆಯುವವರು ಇಂಥ ತೇವದ ಸೀಮೆಗಳಲ್ಲಿ ವರ್ಷಕ್ಕೆ ಹತ್ತು ಹದಿನೈದು ಸಲ ಔಷಧಿ ಹೊಡೆಯುತ್ತಾರೆ. ಅವರಿಗೆ ಟ್ರ್ಯಾಕ್ಟರ್ ಉಂಟು, ಹವಾಮಾನದ ಯಂತ್ರಗಳುಂಟು, ಅದೇ ಅವರ ಉದ್ಯೋಗವೂ ಹೌದು. ಹಿತ್ತಿಲಲ್ಲಿ ನಾಲ್ಕು ಮರವಿಟ್ಟುಕೊಂಡು ವಾರದ ಐದು ದಿನ ಕಚೇರಿಗೆ ಹೋಗುವ ಗೃಹಸ್ಥನು ಏಣಿ ಹತ್ತಿ ಪಂಪು ಹಿಡಿಯಬಹುದಾದುದು ಶನಿವಾರ; ಮಳೆ ಶನಿವಾರದವರೆಗೆ ಕಾಯುವುದಿಲ್ಲ. ಅದರ ಮೇಲೆ ಪಕ್ಕದ ಮನೆಯ ಕೂಸು ಹುಲ್ಲಿನ ಮೇಲೆ ಅಂಬೆಗಾಲಿಡುತ್ತಿರುತ್ತದೆ. ನನ್ನ ಅಳಿಯ ಎರಡು ವರ್ಷ ಹೊಡೆದು ನೋಡಿ, ಮೂರನೆಯ ವರ್ಷ ಪಂಪನ್ನು ಗ್ಯಾರೇಜಿನ ಮೊಳೆಗೆ ತೂಗುಹಾಕಿದ್ದ. "ಮಾವ, ಮರ ಕಡಿದುಬಿಡೋಣ ಅಂತ ನಾನು, ಇರಲಿ ಅಂತ ಇವಳು" ಎಂದು ಅವನು ತೀರ್ಪನ್ನು ನನಗೆ ವಹಿಸಿದ.

ಔಷಧಿಯ ಮಾತು ಬಂದಾಗ ನಮ್ಮ ಕಡೆಯ ಒಂದು ಸಂಗತಿಯನ್ನು ನೆನೆಯದೆ ಮುಂದುವರಿಯಲಾರೆ. ಮೈಲುತುತ್ತ ಮತ್ತು ಸುಣ್ಣಗಳನ್ನು ಬೆರೆಸಿ ಬಳ್ಳಿಗೆ ಎರಚುವ ಕ್ರಮವನ್ನು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬುವರು ಶೋಧಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದರಷ್ಟೆ. ಅದನ್ನು ಅಡಿಕೆಯ ಕೊಳೆರೋಗಕ್ಕೆ ಅನ್ವಯಿಸಿ, 1910ರ ಸುಮಾರಿಗೆ ಮಲೆನಾಡಿನ ತೋಟಗಳಿಗೆ ತಂದವರು ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಅದಕ್ಕೆ ಮುಂಚೆ ನಮ್ಮ ಹಿರಿಯರು ಬಲ್ಲ ಉಪಾಯವೆಂದರೆ ಮಳೆ ಹಿಡಿಯುವ ಮೊದಲು ಕೊನೆಗಾರನನ್ನು ಮರ ಹತ್ತಿಸಿ ಒಂದೊಂದು ಕೊನೆಗೂ ಕರಡದ ಹುಲ್ಲಿನ ಕೊಟ್ಟೆ ಕಟ್ಟಿಸುವುದೊಂದೇ. ಕೊಟ್ಟೆಯೂ ಬೋರ್ಡೋ ದ್ರಾವಣವೂ ಹೊರಗಿನ ರಕ್ಷೆಗಳು. ಮಳೆಗೆ ತೊಳೆದುಹೋಗುವಂಥವು, ವರ್ಷ ವರ್ಷವೂ ಹೊಸದಾಗಿ ಹೂಡಬೇಕಾದಂಥವು. ರಕ್ಷೆಯು ಗಿಡದ ಒಳಗಿನಿಂದಲೇ ಹುಟ್ಟಿಬಂದರೆ? ಈ ಪ್ರಶ್ನೆಗೆ ಸೇಬಿನ ವಿಷಯದಲ್ಲಿ ದೊರೆತ ಉತ್ತರವು ಲಫಯೆಟ್ಟಿನಲ್ಲಿ ಮಗಳ ಮನೆಯಿಂದ ನದಿಯ ಆಚೆ ದಡದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿಯೇ ಬಹುಮಟ್ಟಿಗೆ ರೂಪುಗೊಂಡಿತೆಂಬುದು ನನಗೆ ತಿಳಿದುದು ಆ ಬೇಸಗೆಯಲ್ಲಿ.

ಕಥೆ ಮೊದಲಾಗುವುದು ಮಾತ್ರ ನೆರೆಯ ಇಲಿನಾಯ್ ರಾಜ್ಯದಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯದ ಸಿ. ಎಸ್. ಕ್ರಾಂಡಲ್ ಎಂಬ ತೋಟಗಾರಿಕೆಯ ಪಂಡಿತರು 1914ರಲ್ಲಿ ರೋಮ್ ಬ್ಯೂಟಿ ಎಂಬ ಪ್ರಸಿದ್ಧ ಸೇಬಿಗೂ, ಜಪಾನಿನ ಮೂಲದ, ಹೂವಿನ ಅಂದಕ್ಕಾಗಿಯೇ ಬೆಳೆಸುವ ಮಾಲಸ್ ಫ್ಲೋರಿಬಂಡ ಎಂಬ ಕಾಡುಸೇಬಿಗೂ ಸಂಕರ ಮಾಡಿದರು. ಆ ಕಾಡುಸೇಬಿನ ಗಿಡಕ್ಕೆ ತೋಟದ ದಫ್ತರದಲ್ಲಿ 821 ಎಂಬ ಸಂಖ್ಯೆಯಿದ್ದಿತು. ಅದರ ಹಣ್ಣು ಮಕ್ಕಳಾಡುವ ಗೋಲಿಗಿಂತ ದೊಡ್ಡದಲ್ಲ, ಬಾಯಿಗಿಟ್ಟರೆ ಹುಳಿ ಮತ್ತು ಒಗರು. ಕ್ರಾಂಡಲ್ಲರ ಲಕ್ಷ್ಯವಿದ್ದುದು ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಹರಿಯುತ್ತವೆಂಬುದರ ಮೇಲೆಯೇ ಹೊರತು ರೋಗದ ಮೇಲಲ್ಲ. ಅವರು ಸಂಕರ ಮಾಡಿದರು, ಬೀಜ ಬಿತ್ತಿದರು, ಮೊಮ್ಮಕ್ಕಳ ಪೀಳಿಗೆಯನ್ನೂ ಬೆಳೆಸಿದರು, ಟಿಪ್ಪಣಿ ಬರೆದಿಟ್ಟರು. ಆಮೇಲೆ ಆ ಗಿಡಗಳು ಕೇಳುವವರಿಲ್ಲದೆ ಸಾಲಾಗಿ ನಿಂತವು.

ಸುಮಾರು ಮೂವತ್ತು ವರ್ಷಗಳು ಕಳೆದ ಮೇಲೆ, ಕಜ್ಜಿ ವಿಪರೀತವಾಗಿದ್ದ ಕಾಲದಲ್ಲಿ, ಹಫ್ ಎಂಬ ತರುಣ ವಿಜ್ಞಾನಿಯು ಅದೇ ಸಾಲುಗಳ ನಡುವೆ ನಡೆದುಹೋಗುವಾಗ, ಸುತ್ತಲಿನ ಮರಗಳೆಲ್ಲ ಮಚ್ಚೆ ಹಿಡಿದು ನಿಂತಿರಲು, ಆ ಕಾಡುಸೇಬಿನ ಮೊಮ್ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಗಿಡಗಳ ಎಲೆ ಶುಭ್ರವಾಗಿರುವುದನ್ನು ಕಂಡರು. ಅರ್ಧಕ್ಕರ್ಧ ಎಂಬ ಆ ಲೆಕ್ಕವೇ ಬಲ್ಲವರಿಗೆ ಎಲ್ಲವನ್ನೂ ಹೇಳಿತು: ಈ ನಿರೋಧಶಕ್ತಿಯನ್ನು ಹೊತ್ತಿರುವುದು ಹತ್ತಾರು ಅಂಶಗಳಲ್ಲ, ಪ್ರಬಲವಾದ ಒಂದೇ ಒಂದು ಜೀನು. ವೆಂಚೂರಿಯಾ ಮತ್ತು ಫ್ಲೋರಿಬಂಡ ಎಂಬೆರಡು ಹೆಸರುಗಳ ಆದ್ಯಕ್ಷರಗಳಿಂದ ಅದಕ್ಕೆ ಮುಂದೆ ವಿಎಫ್ ಎಂಬ ಹೆಸರು ಬಂದಿತು. ಹಫ್ ಅವರು ಪರ್ಡ್ಯೂವಿನ ಸಸ್ಯರೋಗತಜ್ಞ ಶೇ ಅವರೊಡನೆ 1945ರಲ್ಲಿ ಕೆಲಸಕ್ಕೆ ತೊಡಗಿದರು; ಹಫ್ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ ಅದೂ ಸೇರಿ, ಪರ್ಡ್ಯೂ, ರಟ್ಗರ್ಸ್, ಇಲಿನಾಯ್ ಎಂಬ ಮೂರು ಮನೆಗಳ ಕೂಡುವಳಿಯಾಯಿತು.

ಗೋಲಿಯಷ್ಟು ಹಣ್ಣು ಬಿಡುವ ಗಿಡದಿಂದ ಮುಷ್ಟಿ ತುಂಬುವ ಸಿಹಿ ಹಣ್ಣಿನವರೆಗಿನ ದಾರಿ ಸಣ್ಣದಲ್ಲ. ನಿರೋಧಶಕ್ತಿಯುಳ್ಳ ಮೊಮ್ಮಗನನ್ನು ಆರಿಸಿ ಒಳ್ಳೆಯ ಸೇಬಿಗೆ ಕೂಡಿಸಬೇಕು. ಅದರ ಮಕ್ಕಳಲ್ಲಿ ಅರ್ಧ ರೋಗಕ್ಕೆ ಬಲಿ, ಉಳಿದ ಅರ್ಧದಲ್ಲಿ ಬಹುಪಾಲು ರುಚಿಗೆಟ್ಟವು. ಉಳಿದೊಂದೆರಡನ್ನು ಮತ್ತೊಂದು ಒಳ್ಳೆಯ ಸೇಬಿಗೆ ಕೂಡಿಸಬೇಕು, ಮೊದಲಿನ ಸೇಬಿಗೇ ಅಲ್ಲ. ಏಕೆಂದರೆ ಸೇಬು ತನ್ನ ಪರಾಗವನ್ನು ತಾನೇ ಒಲ್ಲದು, ಹತ್ತಿರದ ಬಂಧುಗಳ ನಡುವಣ ಸಂಬಂಧದಿಂದ ಹುಟ್ಟಿದ ಗಿಡವು ನಿಸ್ಸತ್ವವಾಗುವುದು. ನಮ್ಮ ಸಗೋತ್ರ ನಿಷೇಧವನ್ನು ಸೇಬು ತಾನಾಗಿಯೇ ಪಾಲಿಸಿಕೊಂಡು ಬಂದಿದೆ. ಒಂದೊಂದು ಪೀಳಿಗೆಗೂ, ಬೀಜ ಮೊಳೆತು ಮೊದಲ ಹಣ್ಣು ಕಚ್ಚಿ ನೋಡುವಷ್ಟರಲ್ಲಿ, ಐದಾರು ವರ್ಷ ಹಿಡಿಯುವುದು ಸಾಮಾನ್ಯ. ಪರ್ಡ್ಯೂವಿನವರು ಇದಕ್ಕೊಂದು ಒಳದಾರಿ ಕಂಡುಕೊಂಡರು: ಗಾಜಿನ ಮನೆಯಲ್ಲಿ ನಾಲ್ಕೆಲೆಯ ಸಸಿಗಳ ಮೇಲೆ ರೋಗದ ಬೀಜಾಣುಗಳ ನೀರನ್ನೇ ಸಿಂಪಡಿಸಿ, ಮಚ್ಚೆ ಹಿಡಿದುವನ್ನು ಆಗಲೇ ಕಿತ್ತೆಸೆದು, ಉಳಿದುವನ್ನು ಮಾತ್ರ ತೋಟಕ್ಕೆ ಒಯ್ಯುವುದು. ಹಾಗಿದ್ದರೂ ಮೊದಲ ಹಣ್ಣಾದ ಪ್ರೈಮಾ ಜನರ ಕೈಗೆ ಬಂದುದು 1970ರಲ್ಲಿ, ಎಂದರೆ ಕ್ರಾಂಡಲ್ಲರ ಕುಂಚದಿಂದ ಐವತ್ತಾರು ವರ್ಷಗಳ ಮೇಲೆ. ಮೂರು ವಿಶ್ವವಿದ್ಯಾನಿಲಯಗಳ ಆದ್ಯಕ್ಷರಗಳಾದ ಪಿ, ಆರ್, ಐ ಎಂಬುವು ಪ್ರೈಮಾ, ಪ್ರಿಸಿಲ್ಲಾ, ಪ್ರಿಸ್ಟೀನ್, ವಿಲಿಯಮ್ಸ್ ಪ್ರೈಡ್, ಎಂಟರ್‌ಪ್ರೈಸ್ ಎಂಬ ಹೆಸರುಗಳಲ್ಲಿ ಎಲ್ಲಿಯಾದರೊಂದು ಕಡೆ ಅಡಗಿ ಕುಳಿತಿರುವುದನ್ನು ಓದುಗರು ತಾವೇ ಇಂಗ್ಲಿಷಿನಲ್ಲಿ ಬರೆದು ನೋಡಿ ಕಂಡುಕೊಳ್ಳಬಹುದು.

ಪರ್ಡ್ಯೂವಿನ ಒಂದು ಗಿಡದಿಂದ ಪರಾಗವನ್ನು ತರಿಸಿಕೊಂಡು ನ್ಯೂಯಾರ್ಕ್ ರಾಜ್ಯದ ಜಿನೀವಾ ಪ್ರಯೋಗಕೇಂದ್ರದವರು 1955ರಲ್ಲಿ ಮಕೌನ್ ಸೇಬಿಗೆ ಕೂಡಿಸಿ, 1978ರಲ್ಲಿ ಹೊರತಂದ ಲಿಬರ್ಟಿ ಎಂಬುದು, ನನ್ನ ಮಟ್ಟಿಗೆ, ಈ ಇಡೀ ವಂಶದಲ್ಲಿ ಹಿತ್ತಿಲಿಗೆ ಹೇಳಿ ಮಾಡಿಸಿದ ಮರ. ಕಜ್ಜಿ ಅದನ್ನು ಮುಟ್ಟದು. ತುಕ್ಕುರೋಗವೂ, ಕೊಂಬೆಯ ತುದಿಯನ್ನು ಸುಟ್ಟ ಕಡ್ಡಿಯಂತೆ ಬಗ್ಗಿಸುವ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯಾದ ವ್ಯಾಧಿಯೂ ಅದಕ್ಕೆ ಸುಲಭವಾಗಿ ಹತ್ತವು. ಇಷ್ಟಾದರೂ ಅಂಗಡಿಗಳಲ್ಲಿ ಲಿಬರ್ಟಿಯನ್ನು ಕಂಡವರು ಅಪರೂಪ. ವ್ಯಾಪಾರವು ಹೆಸರನ್ನು ಕೊಳ್ಳುತ್ತದೆ, ಬಣ್ಣವನ್ನು ಕೊಳ್ಳುತ್ತದೆ. ಈ ಮರಕ್ಕೆ ಎಷ್ಟು ಸಲ ಔಷಧಿ ಹೊಡೆದಿಲ್ಲವೆಂಬುದು ಹಣ್ಣಿನ ಸಿಪ್ಪೆಯ ಮೇಲೆ ಬರೆದಿರುವುದಿಲ್ಲ. ದೊಡ್ಡ ತೋಟಗಳು ಒಪ್ಪಿಕೊಳ್ಳದೆ ಹೋದ ಈ ಮರಗಳು ಸಣ್ಣ ಹಿತ್ತಿಲುಗಳಲ್ಲಿ ನೆಲೆ ಕಂಡುವು. ಒಂದು ಅಪವಾದವೆಂದರೆ ಗೋಲ್ಡ್‌ರಷ್: ಇದೇ ಮೂವರ ಕೂಡುವಳಿಯಲ್ಲಿ ಹುಟ್ಟಿದ ಈ ಹಳದಿ ಹಣ್ಣನ್ನು ಇಲಿನಾಯ್ 2008ರಲ್ಲಿ ತನ್ನ ರಾಜ್ಯಫಲವನ್ನಾಗಿ ಅಂಗೀಕರಿಸಿತು.

ಆ ಬೇಸಗೆಯ ಕೊನೆಗೆ ನಾನು ಕೊಟ್ಟ ತೀರ್ಪಿನಂತೆ ಮೆಕಿಂಟಾಷ್ ಉರುಳಿತು. ಮಾರನೆಯ ವಸಂತದಲ್ಲಿ ನಾಲ್ಕು ಸಸಿಗಳು ಅಂಚೆಯಲ್ಲಿ ಬಂದುವು: ಲಿಬರ್ಟಿ, ಎಂಟರ್‌ಪ್ರೈಸ್, ಗೋಲ್ಡ್‌ರಷ್, ವಿಲಿಯಮ್ಸ್ ಪ್ರೈಡ್. ಮಣ್ಣಿಲ್ಲ, ಕುಂಡವಿಲ್ಲ, ಎಲೆಯೂ ಇಲ್ಲ. ಒದ್ದೆ ಕಾಗದದಲ್ಲಿ ಬೇರು ಸುತ್ತಿದ ಊರುಗೋಲುಗಳಂತಿದ್ದ ಅವನ್ನು ಫೋನಿನ ಪರದೆಯಲ್ಲಿ ತೋರಿಸಿದ ಮಗಳಿಗೆ ನಾನು ಹೇಳಿದುದು ಒಂದೇ ಮಾತು, ಕಸಿಗಂಟು ಮಣ್ಣಿನಿಂದ ಮೂರು ಬೆರಳು ಮೇಲೆಯೇ ಇರಲಿ ಎಂದು. ಗಿಡ್ಡ ಜಾತಿಯ ಮೂಲಗಿಡದ ಮೇಲೆ ಕಟ್ಟಿದ ಕಸಿಯಲ್ಲಿ ಮರದ ಎತ್ತರವನ್ನು ಹಿಡಿದಿಡುವುದು ಕೆಳಗಿನ ಬೇರು. ಗಂಟು ಮಣ್ಣಿನಲ್ಲಿ ಹೂತರೆ ಮೇಲಿನ ಕಡ್ಡಿಯೇ ಬೇರು ಬಿಟ್ಟು, ಎಂಟು ಹತ್ತು ಅಡಿಗೆ ನಿಲ್ಲಬೇಕಾದ ಮರ ಮಾಡಿನ ಎತ್ತರಕ್ಕೆ ಹೋದೀತು. ಗಿಡ್ಡ ಬೇರಿಗೆ ಬಲ ಕಡಿಮೆಯಾದುದರಿಂದ ಒಂದೊಂದಕ್ಕೂ ಗೂಟ ಕೊಡಬೇಕು. ಜಿಂಕೆಗಾಗಿ ಸುತ್ತ ತಂತಿಬಲೆ, ಮೊಲ ಮತ್ತು ಇಲಿಗಳು ಚಳಿಗಾಲದಲ್ಲಿ ತೊಗಟೆ ಕೆರೆಯದಂತೆ ಬುಡಕ್ಕೊಂದು ಕವಚ. ನಾಲ್ಕು ಬೇರೆ ಬೇರೆ ಜಾತಿಗಳನ್ನು ತಂದುದು ರುಚಿಯ ಆಸೆಗಷ್ಟೇ ಅಲ್ಲ. ಮೇಲೆ ಹೇಳಿದಂತೆ ಸೇಬಿಗೆ ಪರಗೋತ್ರದ ಪರಾಗ ಬೇಕು, ಆಸುಪಾಸಿನಲ್ಲಿ ಬೇರೆ ಜಾತಿಯ ಸೇಬಿಲ್ಲದ ಒಂಟಿ ಮರ ಹೂ ಬಿಟ್ಟು ಬರಿಗೈಯಲ್ಲಿ ನಿಲ್ಲುತ್ತದೆ.

ನಾಲ್ಕು ವರ್ಷಗಳ ಮೇಲೆ ಮತ್ತೆ ಹೋದಾಗ ನಾನು ಮೊದಲು ಮಾಡಿದ ಕೆಲಸ ಜೂನ್ ತಿಂಗಳ ಎಲೆಯೊಂದನ್ನು ಬೆಳಕಿಗೆ ಹಿಡಿದುದು. ಲಿಬರ್ಟಿಯ ಎಲೆ ನಿರ್ಮಲವಾಗಿದ್ದಿತು. ಗೋಲ್ಡ್‌ರಷ್‌ನ ಎಲೆಯ ಮೇಲಾದರೋ ಅರಿಸಿನ ಕುಂಕುಮದ ಬೊಟ್ಟಿಟ್ಟಂತೆ ಹಳದಿ ಕಿತ್ತಳೆ ಚುಕ್ಕೆಗಳು. ಇದು ಕಜ್ಜಿಯಲ್ಲ, ತುಕ್ಕುರೋಗ. ಇದರ ತವರುಮನೆ ಬೇಲಿಯಾಚೆ ನೆರೆಯವರು ಸಾಲಾಗಿ ಬೆಳೆಸಿದ್ದ ಕೆಂಪು ಸೀಡರ್ ಎಂಬ ಜ್ಯೂನಿಪರ್ ಮರಗಳಲ್ಲಿ. ವಸಂತದ ಮಳೆ ಬಿದ್ದೊಡನೆ ಆ ಮರಗಳ ಕೊಂಬೆಯಲ್ಲಿರುವ ಕಂದು ಗಂಟುಗಳಿಂದ ಕಿತ್ತಳೆ ಬಣ್ಣದ ಲೋಳೆಯ ಕೋಡುಗಳು ಹೊರಟು ಜೋಲಾಡುವುವು. ಸಮುದ್ರದ ಪ್ರಾಣಿಯೊಂದು ದಾರಿ ತಪ್ಪಿ ಮರವೇರಿದಂತಿರುತ್ತದೆ ಆ ನೋಟ. ಅಲ್ಲಿಂದ ಗಾಳಿಯಲ್ಲಿ ಹಾರಿ ಬಂದ ಬೀಜಾಣು ಸೇಬಿನ ಮೇಲೆ ಅರ್ಧ ಆಯುಷ್ಯ ಕಳೆದು ಮತ್ತೆ ಸೀಡರ್ ಮರಕ್ಕೇ ಮರಳುವುದು. ರೋಗನಿರೋಧಕ ಎಂಬ ಪದವನ್ನು ಸಸಿ ಮಾರುವವರ ಪಟ್ಟಿಯಲ್ಲಿ ಕಂಡವರು ಯಾವ ರೋಗಕ್ಕೆ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ನಾವು ಕೇಳಿರಲಿಲ್ಲ. ನೆರೆಯ ಮನೆಯ ಮರ ಕಡಿಯಿರೆಂದು ಹೇಳುವುದು ಎಲ್ಲಿಯೂ ಸಲ್ಲದ ಮಾತು. ಗೋಲ್ಡ್‌ರಷ್ ಆ ಚುಕ್ಕೆಗಳನ್ನು ಹೊತ್ತುಕೊಂಡೇ ಹಣ್ಣು ಕೊಡುತ್ತಿದೆ.

ಹುಳುವಂತೂ ಈ ಮರಗಳಲ್ಲಿ ಯಾವುದಕ್ಕೂ ಜಗ್ಗುವುದಿಲ್ಲ. ವಿಎಫ್ ಜೀನಿನ ಭಾಷೆ ಬೂಷ್ಟಿಗೆ ತಿಳಿಯುತ್ತದೆ, ಕಾಯಿ ಕೊರೆಯುವ ಪತಂಗದ ಮರಿಗೆ ತಿಳಿಯದು. ಅಲ್ಲಿಯ ಹಿತ್ತಿಲಿಗರು ಇದಕ್ಕೆ ಕಂಡುಕೊಂಡ ಉಪಾಯವನ್ನು ಕಂಡು ನಾನು ನಕ್ಕೆ: ಕಾಯಿ ಹೆಬ್ಬೆರಳ ಉಗುರಿನಷ್ಟಾದಾಗ, ಮಕ್ಕಳ ತಿಂಡಿ ಕಟ್ಟುವ ಪ್ಲಾಸ್ಟಿಕ್ ಜಿಪ್ ಚೀಲವನ್ನು ಅದಕ್ಕೆ ತೊಡಿಸಿ, ತೊಟ್ಟಿನ ಇಕ್ಕೆಲದಲ್ಲಿ ಬಾಯಿ ಮುಚ್ಚಿ, ನೀರು ಸೋರಲೆಂದು ಕೆಳಗಿನ ಮೂಲೆಯನ್ನು ಕತ್ತರಿಸಿಬಿಡುವುದು. ಗೊಂಚಲಿನಲ್ಲಿ ಒಂದು ಕಾಯಿ ಉಳಿಸಿ ಮಿಕ್ಕುದನ್ನು ಚಿವುಟಿಹಾಕಿ, ನಾನೂ ಮೊಮ್ಮಗಳೂ ಸೇರಿ ಎರಡು ಸಂಜೆಗಳಲ್ಲಿ ನೂರೆಂಬತ್ತು ಚೀಲ ತೊಡಿಸಿದೆವು. "ಇದಕ್ಕೆ ನಮ್ಮೂರಲ್ಲಿ ಕೊಟ್ಟೆ ಕಟ್ಟುವುದು ಅಂತಾರೆ" ಎಂದು ನಾನು ಹೇಳಿಕೊಟ್ಟ ಪದವನ್ನು ಅವಳು ತನ್ನ ಗೆಳತಿಯರಿಗೂ ಕಲಿಸಿದಳು. ಈಗ ಆ ಬೀದಿಯ ಮೂರು ಹಿತ್ತಿಲುಗಳಲ್ಲಿ ಆ ಚೀಲಕ್ಕೆ ಕೊಟ್ಟೆಯೆಂದೇ ಹೆಸರು.

ಒಂದೇ ಜೀನನ್ನು ನಂಬಿ ಕುಳಿತುಕೊಳ್ಳುವುದು ಎಷ್ಟರಮಟ್ಟಿಗೆ ಕ್ಷೇಮ? ಜರ್ಮನಿಯ ಆರೆನ್ಸ್‌ಬುರ್ಗ್ ಎಂಬಲ್ಲಿಯ ಪ್ರಯೋಗತೋಟದಲ್ಲಿ 1980ರ ದಶಕದಲ್ಲಿ ಈ ವಂಶದ ಮರಗಳ ಮೇಲೆ ಕಜ್ಜಿ ಕಾಣಿಸಿಕೊಂಡಿತು. ವಿಎಫ್ ಎಂಬ ಬೀಗವನ್ನು ತೆರೆಯಬಲ್ಲ ಹೊಸ ತಳಿಯೊಂದು ಬೂಷ್ಟಿನಲ್ಲಿ ಹುಟ್ಟಿದ್ದಿತು. ವಿಚಿತ್ರವೆಂದರೆ, ಆ ತಳಿಯಿಂದಲೂ ಮೂಲದ 821ನೆಯ ಕಾಡುಸೇಬನ್ನು ಮುಟ್ಟಲಾಗಲಿಲ್ಲ. ಪರೀಕ್ಷಿಸಿ ನೋಡಿದರೆ ಆ ಅಜ್ಜಿಯ ಬಳಿ ಇದ್ದುದು ಎರಡು ಬೀಗಗಳು. ಪೀಳಿಗೆ ಪೀಳಿಗೆಗೂ ಹಣ್ಣಿನ ಗಾತ್ರ ರುಚಿಗಳನ್ನು ಆರಿಸುತ್ತ ಬಂದ ಗಡಿಬಿಡಿಯಲ್ಲಿ ಎರಡನೆಯದು ಎಲ್ಲಿಯೋ ಉದುರಿಹೋಗಿದ್ದಿತು. ಮುಂದೆ ಇಂಗ್ಲೆಂಡಿನಲ್ಲಿ ಆ ಎರಡನ್ನೂ ತೆರೆಯುವ ತಳಿಯೂ ದೊರೆಯಿತೆಂಬುದನ್ನು ಹೇಳದಿದ್ದರೆ ಕಥೆ ಅಪೂರ್ಣವಾದೀತು.

ಈ ಪಾಠ ಕನ್ನಡನಾಡಿಗೆ ಹೊಸದಲ್ಲ. ಕೋಲ್ಮನ್ನರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿಯು 1930ರ ದಶಕದ ಆದಿಯಲ್ಲಿಯೇ ಕಾಫಿಯ ತುಕ್ಕುರೋಗ ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ತಳಿಗಳುಂಟೆಂದು ತೋರಿಸಿಕೊಟ್ಟಿದ್ದರು. ಅಲ್ಲಿಂದಲೇ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ಕಾಫಿ ಮೊದಮೊದಲು ತುಕ್ಕಿಗೆ ಬಗ್ಗದೆ ನಿಂತು, ಕಾಲಾನಂತರ ಹೊಸ ತಳಿಗಳ ಮುಂದೆ ಸೋತಿತು; ಸೋತರೂ ರುಚಿಗಾಗಿ ಚಿಕ್ಕಮಗಳೂರು ಕೊಡಗುಗಳ ಬೆಳೆಗಾರರು ಅದನ್ನು ಬಿಟ್ಟಿಲ್ಲ. ಆದುದರಿಂದ ನಾನು ಮಗಳಿಗೆ ಹೇಳಿದುದು: ಮರಕ್ಕೆ ಕಜ್ಜಿ ಹತ್ತಲಿ ಬಿಡಲಿ, ಶರತ್ಕಾಲದಲ್ಲಿ ಎಲೆಯುದುರಿದ ಮೇಲೆ ಹುಲ್ಲು ಕತ್ತರಿಸುವ ಯಂತ್ರವನ್ನು ಎರಡು ಸಲ ಅದರ ಮೇಲೆ ಹಾಯಿಸಿಬಿಡು. ಪುಡಿಯಾದ ಎಲೆಯನ್ನು ಎರೆಹುಳು ಬೇಗ ಮಣ್ಣು ಮಾಡುತ್ತದೆ, ಬೂಷ್ಟಿಗೆ ಚಳಿಗಾಲ ಕಳೆಯಲು ಮನೆಯಿರುವುದಿಲ್ಲ.

ನಮ್ಮ ದೇಶದ ಸೇಬಿನ ಸೀಮೆಯೂ ಈ ಕಜ್ಜಿರೋಗವನ್ನು ಬಲ್ಲದು. ಕಾಶ್ಮೀರದಲ್ಲಿ 1973ರಲ್ಲಿ ಅದು ಉಗ್ರರೂಪ ತಾಳಿತು, 1983ರಲ್ಲಿ ಹಿಮಾಚಲದ ಬೆಳೆಗಾರರನ್ನು ಗೋಳಾಡಿಸಿತು. ಕಾಶ್ಮೀರದ ಕೃಷಿ ವಿಶ್ವವಿದ್ಯಾನಿಲಯದವರು ಬೆಳೆಸಿದ ಫಿರ್ದೌಸ್, ಶಿರೀನ್ ಎಂಬ ನಿರೋಧಕ ಸೇಬುಗಳಲ್ಲಿ ಫಿರ್ದೌಸ್‌ನ ಹಿರಿಯರ ಪೈಕಿ ಪ್ರೈಮಾ ಉಂಟು; ಹಾಗೆ ಆ 821ರ ರಕ್ತ ಝೀಲಮ್ ಕಣಿವೆಯವರೆಗೂ ಹರಿದಿದೆ. ಬೆಂಗಳೂರಿನ ತಾರಸಿಯಲ್ಲಿ ಸೇಬಿನ ಕನಸು ಕಾಣುವ ಮಿತ್ರರು ಮಾತ್ರ ಲಿಬರ್ಟಿಗೂ ಗೋಲ್ಡ್‌ರಷ್‌ಗೂ ಆಸೆಪಡುವುದು ವ್ಯರ್ಥ. ಇಂಥ ಮರಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ನಿದ್ರೆ ಸಾವಿರ ಗಂಟೆಯ ಆಸುಪಾಸು ಬೇಕು. ನಮ್ಮಲ್ಲಿ ಅವು ಮಲಗುವುದೇ ಇಲ್ಲ, ಎಚ್ಚರಗೊಂಡು ಹೂ ಬಿಡುವುದೆಲ್ಲಿಂದ ಬಂತು? ಕಡಿಮೆ ಚಳಿಯಲ್ಲಿ ಹೂ ಬಿಡುವ ಅನ್ನಾ, ಎಚ್‌ಆರ್‌ಎಂಎನ್-99 ಎಂಬ ಜಾತಿಗಳ ಮಾತು ಬೇರೆ. ಆದರೆ ಶೀತದೇಶದಲ್ಲಿ ಮಕ್ಕಳ ಸಂಸಾರವಿದ್ದು, ಆ ಮನೆಗೆ ಹತ್ತಡಿ ಬಿಸಿಲಿನ ಜಾಗವಿದ್ದವರಿಗೆ ನನ್ನದೊಂದು ವಿಜ್ಞಾಪನೆ: ಅಂಗಡಿಯಲ್ಲಿ ತಿಂದು ಮೆಚ್ಚಿದ ಹೆಸರಿನ ಸಸಿಯನ್ನು ಕೊಳ್ಳಬೇಡಿ, ಮೊದಲು ಒಂದು ಲಿಬರ್ಟಿ ನೆಡಿ, ಸುತ್ತ ಸೀಡರ್ ಮರವಿಲ್ಲವಾದರೆ ಪಕ್ಕದಲ್ಲಿ ಒಂದು ಗೋಲ್ಡ್‌ರಷ್.

ಗೋಲ್ಡ್‌ರಷ್ ಕೊಯ್ಲಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಕೊಯ್ದ ದಿನ ಅದು ಹಲ್ಲು ಜುಮ್ಮೆನ್ನುವಷ್ಟು ಹುಳಿ, ಇಟ್ಟಷ್ಟೂ ಸಿಹಿಯೇರುವುದು ಅದರ ಗುಣ. ಕಳೆದ ನವೆಂಬರ್ ಮೊದಲ ವಾರದಲ್ಲಿ ಕೊಯ್ದು ನೆಲಮಾಳಿಗೆಯ ತಂಪಿನಲ್ಲಿ ಪೆಟ್ಟಿಗೆಯೊಳಗಿಟ್ಟಿದ್ದ ಹಣ್ಣುಗಳಲ್ಲಿ ಯುಗಾದಿಯ ಬೆಳಗ್ಗೆ ನಾಲ್ಕು ಉಳಿದಿದ್ದುವೆಂದು ಮಗಳು ತಿಳಿಸಿದಳು. ಸಿಪ್ಪೆ ಸುಕ್ಕಾಗಿದ್ದಿತಂತೆ, ಕೊಯ್ದು ನೋಡಿದರೆ ಒಂದೂ ಕೊಳೆತಿರಲಿಲ್ಲವಂತೆ.